ಲೇತ್ ನಾಗರಾಜು ಮಗಳ ಅಡ್ಮಿಷನ್

ಆ ಭಾನುವಾರ ನಮ್ಮ ಮನೆಯಲ್ಲಿ ನಡೆದ ಜಗಳ ಬಹಳ ಚಿಕ್ಕದು. ಮಗಳು ರಕ್ಷಿತಾ ಪಿಯುಸಿ ಮುಗಿಸಿ, ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೀಟು ಪಡೆದಿದ್ದಳು. ಕ್ಲಾಸು ಶುರುವಾಗುವ ಮೊದಲು ಓರಿಯೆಂಟೇಷನ್ ಎಂದು ಒಂದು ದಿನ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಬೇಕಿತ್ತು. ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಫೋನಿನಲ್ಲೇ ಮಾಡಿಬಿಡುತ್ತೇನೆ ಎಂದಳು ಅವಳು. ಬೇಡ, ಸೈಬರ್ ಸೆಂಟರಿನಲ್ಲಿ ಮಾಡಿಸಿ ಪ್ರಿಂಟ್ ತರಬೇಕು ಎಂದೆ ನಾನು.

"ಎರಡು ನಿಮಿಷದ ಕೆಲಸ ಕಣಮ್ಮ."

"ಸ್ಕಾಲರ್‌ಶಿಪ್ ಅರ್ಜಿನೂ ಎರಡು ನಿಮಿಷ ಅಂದಿದ್ದೆ. ಹೆಸರಲ್ಲಿ ಒಂದಕ್ಷರ ತಪ್ಪಾಗಿ ಎಷ್ಟು ತಿಂಗಳು ಅಲೆದ್ವಿ?"

"ಅದು ನಾನಲ್ಲ. ಆಟೋ ಕರೆಕ್ಟು."

"ಯಾವ ಆಟೋ ಆದ್ರೂ ಆಗ್ಲಿ. ಅಲೆದೋರು ನಿಮ್ಮಪ್ಪ."

ಆಷಾಢದ ಗಾಳಿ ಜೋರಾಗಿತ್ತು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ಒಣಹಾಕಿದ್ದ ನನ್ನ ಸೀರೆಯೊಂದು ಹಾರಿ ಪಕ್ಕದ ಮನೆಯ ಸಜ್ಜದ ಮೇಲೆ ಬಿದ್ದಿತ್ತು. ನನ್ನ ಗಂಡ ನಾಗರಾಜು ಕಟ್ಟೆಯ ಮೇಲೆ ಬಗ್ಗಿ, ಜೇಡರ ಬಲೆ ತೆಗೆಯುವ ಕೋಲಿನಿಂದ ಅದನ್ನು ಎಳೆಯುತ್ತಿದ್ದರು. ನಮ್ಮ ಜಗಳ ಕೇಳಿ ಅವರಿಗೆ ನಗು.

"ಇಬ್ರೂ ಸುಮ್ನಿರಿ. ನಾಳೆ ಮಧ್ಯಾಹ್ನ ಊಟಕ್ಕೆ ಬಂದಾಗ ನಾನೇ ಹೋಗಿ ಮಾಡಿಸ್ಕೊಂಡು ಬರ್ತೀನಿ. ಮಗಳಿಗೆ ದಿನಾನೂ ಸಿಕ್ತು, ಅಮ್ಮಂಗೆ ಕಾಗದಾನೂ ಸಿಕ್ತು."

ಅವರದು ಕಾಮಾಕ್ಷಿಪಾಳ್ಯದಲ್ಲಿ ಒಂದು ಶೆಡ್ಡು. ಅದರಲ್ಲಿ ಒಂದೇ ಲೇತ್ ಮೆಷಿನ್ನು. ಕಬ್ಬಿಣದ ಸರಳನ್ನು ಗರಗರ ತಿರುಗಿಸಿ, ಕೆತ್ತಿ, ಬೇಕಾದ ಅಳತೆಗೆ ತರುವ ಯಂತ್ರ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನಲ್ಲಿ ಬರೆಸಿದ ಬೋರ್ಡು: ನಾಗರಾಜು ಲೇತ್ ವರ್ಕ್ಸ್. ಆ ಬೀದಿಯಲ್ಲಿ ಮೂವರು ನಾಗರಾಜುಗಳು ಇದ್ದುದರಿಂದ ಜನ ಇವರನ್ನು ಲೇತ್ ನಾಗರಾಜು ಎಂದೇ ಕರೆಯುತ್ತಿದ್ದರು. ನಾನು ಓದಿದ್ದು ಹತ್ತನೇ ಕ್ಲಾಸು, ಅದೂ ಕನ್ನಡದಲ್ಲಿ. ಇಂಗ್ಲಿಷ್ ಅಕ್ಷರ ಗೊತ್ತು, ಪದ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ, ತಯಾರಾದ ಸಾಮಾನು ಕಳಿಸುವ ಡಬ್ಬಗಳ ಮೇಲೆ ಬೋರ್ಡು ನೋಡಿಕೊಂಡು ಹೆಸರು ಬರೆದುಕೊಡುತ್ತಿದ್ದೆ. ಎಲ್, ಎ, ಟಿ, ಎಚ್, ಇ. ಇಂಗ್ಲಿಷಿನಲ್ಲಿ ನನಗೆ ನೋಡದೆ ಬರೆಯಲು ಬರುತ್ತಿದ್ದ ಪದಗಳು ಬೆರಳೆಣಿಕೆಯಷ್ಟು. ಅದರಲ್ಲಿ ಇದೊಂದು.

ಸಂಜೆ ಅವರು ಉಗುರಿನ ಸಂದಿಯ ಕರಿಯನ್ನು ಬೆಂಕಿಕಡ್ಡಿಯಿಂದ ತೆಗೆಯುತ್ತಾ ಕೂತು ಮಗಳನ್ನು ಕೇಳಿದರು, "ಅಲ್ಲ ಪುಟ್ಟಿ, ಓರಿಯೆಂಟೇಷನ್ ಅಂದ್ರೆ ಏನು ಮಾಡ್ತಾರೆ?"

"ಕಾಲೇಜು ತೋರಿಸ್ತಾರೆ. ನಿಮಗೆ ರೂಲ್ಸ್ ಹೇಳ್ತಾರೆ. ಅವತ್ತೇ ಫಸ್ಟ್ ಸೆಮ್ ಸಬ್ಜೆಕ್ಟ್ ರಿಜಿಸ್ಟರ್ ಮಾಡ್ಕೋಬೇಕು. ಮ್ಯಾಥ್ಸು-ಕಂಪ್ಯೂಟರ್ರಿಗೆ ಒಂದೇ ಸೆಕ್ಷನ್ ಅಪ್ಪ. ಮೊದಲು ಹೋದೋರಿಗೆ ಸಿಗುತ್ತೆ. ಅವತ್ತು ಹೋಗ್ಲಿಲ್ಲ ಅಂದ್ರೆ ಸೀಟು ವೇಟಿಂಗ್ ಲಿಸ್ಟ್‌ನೋರಿಗೆ."

"ಹೋಗದೆ ಏನು? ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಬರ್ತೀನಿ. ನಿಮ್ ಪ್ರಿನ್ಸಿಪಾಲ್‌ಗೆ ನನ್ನ ಕೈ ಮಾತ್ರ ತೋರಿಸ್ಬೇಡ."

ಅದು ನಮ್ಮ ಮನೆಯ ಕೊನೆಯ ಸರಳವಾದ ದಿನ. ರಾತ್ರಿ ಬಸ್ಸಾರು, ಮುದ್ದೆ. ಸೀರೆಯ ಅಂಚು ಕೋಲಿಗೆ ಸಿಕ್ಕಿ ಹರಿದಿತ್ತು ಎಂದು ನಾನು ಗೊಣಗಿದ್ದು ಬಿಟ್ಟರೆ ಇನ್ನೇನೂ ಆಗಲಿಲ್ಲ.

ಸೋಮವಾರ ಅವರು ಊಟಕ್ಕೆ ಬಂದಾಗ ಒಂದೂವರೆ. ಅರ್ಧ ಮುದ್ದೆ ಬಿಟ್ಟರು. ಎಡಗೈ ಭುಜ ಸೆಳೆಯುತ್ತಿದೆ, ಬೆಳಿಗ್ಗೆ ಭಾರ ಎತ್ತಿದ್ದಕ್ಕೆ ಇರಬೇಕು, ಸ್ವಲ್ಪ ಮಲಗುತ್ತೇನೆ ಎಂದರು. ನಾನು, "ಸಂಜೆ ಆದ್ರೆ ಸರ್ವರ್ ಸಿಗಲ್ವಂತೆ ರೀ. ಹೋಗಿ ಮಾಡಿಸ್ಕೊಂಡು ಬಂದುಬಿಡಿ, ಆಮೇಲೆ ನಿಧಾನಕ್ಕೆ ಮಲಗಿ" ಎಂದೆ. ಅವರು ಚಾಪೆಯನ್ನು ಮತ್ತೆ ಸುತ್ತಿಟ್ಟು, ಸ್ಕೂಟರ್ ಕೀ ತೆಗೆದುಕೊಂಡು ಹೋದರು. ರಕ್ಷಿತಾ ಒಳಗಿನ ಕೋಣೆಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದಳು.

ಮುಂದಿನದು ಸೈಬರ್ ಸೆಂಟರಿನ ಹುಡುಗಿ ಹೇಳಿದ್ದು. ಮಂಗಳವಾರ, ಬುಧವಾರದ ಸ್ಲಾಟುಗಳೆಲ್ಲ ಭಾನುವಾರವೇ ತುಂಬಿಹೋಗಿದ್ದವು. ಉಳಿದದ್ದು ಮುಂದಿನ ವಾರದ ಗುರುವಾರ ಒಂದೇ. ಇವರು, "ಒಳ್ಳೇದೇ ಆಯ್ತಮ್ಮ, ಅವತ್ತು ನಮ್ಮ ಕಡೆ ಕರೆಂಟ್ ತೆಗೀತಾರಂತೆ, ಹೆಂಗೂ ಕೆಲಸ ಇಲ್ಲ" ಎಂದರಂತೆ. ಜೊತೆಯಲ್ಲಿ ಬರುವವರು ಯಾರು ಎಂದು ಕೇಳಿದ್ದಕ್ಕೆ, ಅಪ್ಪ ಎಂದು ಹಾಕಿಸಿದರಂತೆ. ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಹೊರಗಿನ ಬೆಂಚಿನ ಮೇಲೆ ಒಂದು ನಿಮಿಷ ಕೂತುಕೊಳ್ಳುತ್ತೇನೆ ಎಂದರಂತೆ. ಅವಳು ಇನ್ನೊಬ್ಬರ ಅರ್ಜಿ ಮುಗಿಸಿ ನೀರು ತಂದುಕೊಡುವಷ್ಟರಲ್ಲಿ ಅವರು ಗೋಡೆಗೆ ಒರಗಿದ ಹಾಗೇ ಪ್ರಾಣ ಬಿಟ್ಟಿದ್ದರು.

ಆ ಕಾಗದ ನನಗೆ ಆಸ್ಪತ್ರೆಯಲ್ಲಿ ಕೊಟ್ಟ ಪೊಟ್ಟಣದಲ್ಲಿ ಸಿಕ್ಕಿತು. ವಾಚು, ಫೋನು, ಕೀ, ಕನ್ನಡಕ, ಈ ಕಾಗದ. ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು. ಲೇತಿಗೆ ಸುರಿಯುವ ಹಾಲಿನಂಥ ಎಣ್ಣೆನೀರಿನ ವಾಸನೆ ಅವರ ಎಲ್ಲ ಬಟ್ಟೆಗೂ ಇತ್ತು, ಆ ಕಾಗದಕ್ಕೂ ಇತ್ತು.

ದಿನಗಳನ್ನು ಎಣಿಸಿದ್ದು ಮೈದುನ ಮಂಜು. ಅವನೂ ಅದೇ ಶೆಡ್ಡಿನಲ್ಲಿ ಅಣ್ಣನ ಕೈಕೆಳಗೆ ಕೆಲಸ ಮಾಡುತ್ತಿದ್ದವನು. ನಮಗೆ ಗಂಡುಮಕ್ಕಳಿಲ್ಲದ್ದರಿಂದ ಕಾರ್ಯ ಮಾಡಬೇಕಾದವನು ಅವನೇ. ಸೋಮವಾರದಿಂದ ಬೆರಳು ಮಡಿಚುತ್ತಾ ಹೋಗಿ, "ಹನ್ನೊಂದನೇ ದಿನ ಗುರುವಾರ ಬೀಳುತ್ತೆ ಅತ್ತಿಗೆ" ಎಂದ. ರಕ್ಷಿತಾ ಎದ್ದುಹೋಗಿ ಆ ಕಾಗದ ತಂದು ಅವನ ಮುಂದೆ ಹಿಡಿದಳು.

ಅವನು ಓದಿದ. "ಬೇರೆ ದಿನ ಕೊಡ್ತಾರೆ. ಫೋನ್ ಮಾಡಿ ಕೇಳಿ" ಎಂದ.

ಕೇಳಿದ್ದು ನಾನು. ಮೂರು ಸಲ ಮಾಡಿದ ಮೇಲೆ ಒಬ್ಬ ಹೆಂಗಸು ಎತ್ತಿದಳು.

"ರೀಶೆಡ್ಯೂಲ್ ಇಲ್ಲ ಮೇಡಂ. ಗುರುವಾರಾನೇ ಲಾಸ್ಟ್. ಕಾರಣ ಏನು?"

"ಸೂತಕ ಇದೆ. ಅವತ್ತು ಹನ್ನೊಂದನೇ ದಿನದ ಕಾರ್ಯ."

"ಮೆಡಿಕಲ್ ಸರ್ಟಿಫಿಕೇಟ್ ಇದ್ರೆ ಕನ್ಸಿಡರ್ ಮಾಡ್ತೀವಿ."

"ಹುಷಾರಿಲ್ಲದೋರು ಯಾರೂ ಇಲ್ಲಮ್ಮ. ತೀರಿಕೊಂಡಿದಾರೆ."

"ಹಂಗಾದ್ರೆ ಡೆತ್ ಸರ್ಟಿಫಿಕೇಟು."

"ಇನ್ನೂ ಬಂದಿಲ್ಲ."

"ಬಂದ್ಮೇಲೆ ಮೇಲ್ ಮಾಡಿ" ಎಂದು ಇಟ್ಟಳು. ಅವಳ ತಪ್ಪು ಏನೂ ಇರಲಿಲ್ಲ. ಆದರೂ ಎಷ್ಟೋ ದಿನ ನಾನು ಆ ದನಿಯನ್ನು ಬೈದುಕೊಂಡಿದ್ದೇನೆ. ಅವಳನ್ನು ಬೈಯುವುದು ಸುಲಭವಾಗಿತ್ತು.

ಮನೆಯಲ್ಲಿ ಮಾತು ಕೆಟ್ಟಿದ್ದು ಎಂಟನೇ ದಿನ. ಮಂಜು ಬೀದಿ ಮೂಲೆಗೆ ಕಟ್ಟಲು ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಿ ತಂದಿದ್ದ. ಅವರ ಮದುವೆಯ ಕಾಲದ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ ಲೇಟ್ ನಾಗರಾಜು. ನಮ್ಮಲ್ಲಿ ಸತ್ತವರ ಹೆಸರಿನ ಹಿಂದೆ ಲೇಟ್ ಎಂದು ಸೇರಿಸುವುದು ವಾಡಿಕೆ. ಮದುವೆ ಕಾರ್ಡಿನಲ್ಲೂ ಹಾಗೇ, ನಿವೇಶನದ ಪತ್ರದಲ್ಲೂ ಹಾಗೇ. ಯಾರೂ ಅದನ್ನು ಯೋಚಿಸಿ ಬರೆಯುವುದಿಲ್ಲ. ರಕ್ಷಿತಾ ಅಡುಗೆಮನೆಯಿಂದ ಕತ್ತರಿ ತಂದಳು. ಎಲ್ಲರೂ ನೋಡುತ್ತಿದ್ದಂತೆಯೇ ಆ ಎರಡು ಅಕ್ಷರಗಳನ್ನು ಫ್ಲೆಕ್ಸಿನಿಂದ ಕತ್ತರಿಸಿ ತೆಗೆದಳು.

"ನಮ್ಮಪ್ಪನ ಹೆಸರ ಹಿಂದೆ ಯಾರೂ ಇದನ್ನ ಹಾಕ್ಬೇಡಿ."

"ಹಾಕ್ದೆ ಇದ್ರೆ ಬದುಕಿ ಬರ್ತಾನಾ ಪುಟ್ಟಿ?" ಎಂದ ಮಂಜು. ಅವನ ದನಿಯೂ ಒಡೆದಿತ್ತು. "ನಿಮ್ಮಿಬ್ಬರ ಹಠಕ್ಕೇ ಈ ಮನೆ ಹಿಂಗಾಗಿದ್ದು. ಒಂದು ವರ್ಷ ಬಿಟ್ಟು ಸೇರಿದ್ರೆ ಕಾಲೇಜು ಓಡಿಹೋಗುತ್ತಾ? ಗುರುವಾರ ಯಾರೂ ಹೊಸಲು ದಾಟೋ ಹಂಗಿಲ್ಲ."

ಅವನು ಹೋದ ಮೇಲೆ ನಾನು ಮಗಳಿಗೆ, ಚಿಕ್ಕಪ್ಪನ ಹತ್ತಿರ ಹಾಗೆಲ್ಲ ಮಾತಾಡಬಾರದು ಎಂದೆ. ಅವಳು ಕತ್ತರಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು.

"ಮಲಗ್ತೀನಿ ಅಂದ್ರು. ನೀನೇ ಕಳಿಸಿದ್ದು."

ಅಷ್ಟೇ ಅಂದಳು. ಕೂಗಲಿಲ್ಲ. ಕೂಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೋ ಏನೋ.

"ಹೌದು, ನಾನೇ ಕಳಿಸ್ದೆ. ಯಾರ ಕಾಲೇಜಿಗೆ ಕಳಿಸ್ದೆ?" ಎಂದೆ.

ಆ ಮಾತು ನನ್ನ ಬಾಯಿಂದ ಬಂದಿದ್ದನ್ನು ನಾನೇ ಕೇಳಿಸಿಕೊಂಡೆ. ಅವಳು ಕತ್ತರಿಯನ್ನು ಅದರ ಮೊಳೆಗೆ ತೂಗುಹಾಕಿ ಒಳಗೆ ಹೋದಳು. ಆಮೇಲಿನ ಎರಡು ದಿನ ನಾವಿಬ್ಬರೂ ಒಂದೇ ಮನೆಯಲ್ಲಿ, ಬಂದವರಿಗೆ ಮಾತ್ರ ಮಾತಾಡುತ್ತಾ ಇದ್ದೆವು. ಗುರುವಾರ ಹೋಗುವುದೋ ಬಿಡುವುದೋ ಎಂದು ಅವಳು ಕೇಳಲಿಲ್ಲ. ಬುಧವಾರ ಸಂಜೆ ಅವಳು ಕಾಲೇಜಿನ ಫೈಲು ಜೋಡಿಸುತ್ತಿರುವುದನ್ನು ನೋಡಿದೆ. ನಾನೂ ಒಂದು ಸೀರೆ ತೆಗೆದು ದಿಂಬಿನ ಕೆಳಗೆ ಇಟ್ಟೆ. ಅಂಚು ಹರಿದಿದ್ದ ಅದೇ ಸೀರೆ. ಬೇರೆ ಯಾವುದಕ್ಕೂ ಇಸ್ತ್ರಿ ಇರಲಿಲ್ಲ.

ಗುರುವಾರ ನಸುಕಿನಲ್ಲೇ ನನಗೆ ಮಾಡಬೇಕಾದ ಶಾಸ್ತ್ರ ಮುಗಿಸಿಬಿಡಿ ಎಂದು ಹೆಂಗಸರಿಗೆ ಹೇಳಿದೆ. ಬಳೆ ತೆಗೆದರು, ಹಣೆ ಒರೆಸಿದರು. ತಾರಸಿಯಲ್ಲಿ ಶಾಮಿಯಾನ, ಒಲೆಯ ಹೊಗೆ, ಊರಿನಿಂದ ಬಂದ ಜನ. ಎಂಟು ಗಂಟೆಗೆ ನಾನೂ ಅವಳೂ ಮೆಟ್ಟಿಲಿಳಿಯುವಾಗ ಮಂಜು ಮೇಲಿನಿಂದ ನೋಡಿದ. ತಲೆ ಬೋಳಿಸಿಕೊಂಡಿದ್ದ. ಅಣ್ಣನ ಹಾಗೇ ಕಂಡ.

"ಎಡೆಗೆ ಕೈ ಮುಗಿಯೋಕೆ ಹೆಂಡ್ತಿನೂ ಇಲ್ಲ, ಮಗಳೂ ಇಲ್ಲ. ಚೆನ್ನಾಗಿದೆ ಅತ್ತಿಗೆ."

ಅವರೇ ಗೊತ್ತು ಮಾಡಿದ ದಿನ ಇದು, ಅವರ ಜೊತೆಗೆ ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ ಹೋಗುತ್ತಿದ್ದೇನೆ ಎಂದು ಹೇಳಬಹುದಿತ್ತು. ಹೇಳಿದ್ದರೂ ಅವನಿಗೆ ಅದು ನೆಪವಾಗಿ ಕೇಳುತ್ತಿತ್ತು.

ರಕ್ಷಿತಾ ಅಪ್ಪನ ಸ್ಕೂಟರ್ ತೆಗೆದಳು. ಎರಡು ತಿಂಗಳ ಹಿಂದೆಯಷ್ಟೇ ಅವರು ಅವಳಿಗೆ ಲೈಸೆನ್ಸ್ ಮಾಡಿಸಿಕೊಟ್ಟಿದ್ದರು. ಹಿಂದೆ ಕೂರುವುದು ನನಗೆ ಹೊಸದಲ್ಲ. ಆದರೆ ಇಷ್ಟು ವರ್ಷ ಹಿಡಿದುಕೊಂಡಿದ್ದು ಅವರ ಭುಜ. ಇವಳ ಭುಜಕ್ಕೆ ಕೈ ಹೋಗಲಿಲ್ಲ. ಸೀಟಿನ ಹಿಂದಿನ ಕಂಬಿ ಹಿಡಿದೆ. ವಿಜಯನಗರ ದಾಟಿ ಮೈಸೂರು ರಸ್ತೆಗೆ ಬಂದಾಗ ಮಳೆ ಹನಿಯಿತು. ನಾಯಂಡಹಳ್ಳಿಯಲ್ಲಿ ಗಾಡಿಗಳು ನಿಂತುಬಿಟ್ಟಿದ್ದವು. ಮುಂದೆ ಒಂದು ಲಾರಿ ಕೆಟ್ಟಿತ್ತು. ಒಂಬತ್ತೂವರೆಗೆ ಇರಬೇಕಾದವರು ಕೆಂಗೇರಿ ಉಪನಗರದ ಬಳಿಯೇ ಒಂಬತ್ತೂಮುಕ್ಕಾಲು ಮಾಡಿದೆವು. ಅಷ್ಟು ದೂರದಲ್ಲಿ ಅವಳು ಒಂದೇ ಮಾತಾಡಿದಳು. "ಅಲ್ಲಿ ಫಾರ್ಮ್ ಕೊಡ್ತಾರೆ. ಅದರಲ್ಲಿ ಲೇಟ್ ಅಂತ ಬರೀಬೇಡ."

"ಸರಿ" ಎಂದೆ.

ಗೇಟಿನಿಂದ ಒಳಗೆ ಮಕ್ಕಳನ್ನು ಒಂದು ಕಡೆ, ಅಪ್ಪ ಅಮ್ಮಂದಿರನ್ನು ಒಂದು ಕಡೆ ಬೇರೆ ಮಾಡುತ್ತಿದ್ದರು. ಅವಳು ಓಡಿದಳು. ನಾನು ಮೇಜಿನ ಮುಂದೆ ನಿಂತೆ. ಕತ್ತಿಗೆ ನೀಲಿ ಪಟ್ಟಿ ಹಾಕಿಕೊಂಡ ಹುಡುಗ, ಇಪ್ಪತ್ತೈದು ವಯಸ್ಸಿರಬಹುದು, ನನ್ನ ಕಾಗದ ತೆಗೆದುಕೊಂಡು ಬಿಚ್ಚಿದ. ಎಣ್ಣೆಯ ಗುರುತನ್ನು ಬೆರಳಿನಿಂದ ಉಜ್ಜಿ ನೋಡಿದ.

"ನಾಗರಾಜು ಅಂತ ಇದೆ. ಲೇಟಾ ಮೇಡಂ?"

"ಹೌದಪ್ಪ. ಇವತ್ತಿಗೆ ಹನ್ನೊಂದು ದಿನ."

ಅವನು ತಲೆಯೆತ್ತಿದ. "ಅಲ್ಲ, ನಾನು ಕೇಳಿದ್ದು ಟೈಮು. ಒಂಬತ್ತೂವರೆ ಸ್ಲಾಟು, ಈಗ ಹತ್ತು ಗಂಟೆ." ಆಮೇಲೆ ಅವನಿಗೆ ನಾನು ಹೇಳಿದ್ದು ಅರ್ಥವಾಯಿತು. ನನ್ನ ಕೈ ನೋಡಿದ. "ಸಾರಿ ಆಂಟಿ" ಎಂದ. ಕ್ಯೂನಲ್ಲಿದ್ದ ಒಬ್ಬರು ಗಂಡಸು ಮುಂದಕ್ಕೆ ಸರಿಯಲೆಂದು ಕೆಮ್ಮಿದರು. ಅವರ ಮೇಲೂ ನನಗೆ ಸಿಟ್ಟು ಬಂತು. ಅವತ್ತು ಬದುಕಿದ್ದ ಗಂಡಸರೆಲ್ಲರ ಮೇಲೂ ನನಗೆ ಸಿಟ್ಟಿತ್ತು.

ಅವನು ಕೊಟ್ಟ ಫಾರ್ಮಿನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ. ಐಡಿ ಕಾರ್ಡಿಗೆ ಇದೇ ಪ್ರಿಂಟ್ ಆಗುತ್ತೆ, ದೊಡ್ಡಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ ಎಂದ. ತಂದೆಯ ಹೆಸರು ಎಂಬಲ್ಲಿ ನಾಗರಾಜು ಎಂದಷ್ಟೇ ಬರೆದುಕೊಟ್ಟೆ. ಅವನು ಓದಿ ವಾಪಸ್ ಕೊಟ್ಟ.

"ಹಿಂದೆ ಲೇಟ್ ಹಾಕ್ಬೇಕು ಆಂಟಿ."

"ಹಾಗೇ ಬಿಡಪ್ಪ."

"ಬಿಟ್ರೆ ಅವರ ಸೈನ್ ಕೇಳ್ತಾರೆ. ಲೇಟ್ ಅಂತ ಇದ್ರೇನೇ ನಿಮ್ಮ ಸೈನ್ ತಗೊಳ್ಳೋದು. ಇಲ್ಲ ಅಂದ್ರೆ ಒಳಗೆ ರಿಜಿಸ್ಟ್ರೇಷನ್‌ಗೆ ಬಿಡಲ್ಲ. ಇನ್ನೊಂದು ಫಾರ್ಮ್ ಕೊಡ್ತೀನಿ, ನೀಟಾಗಿ ಬರೀರಿ."

ಹೊಸ ಫಾರ್ಮ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದೆ. ಮಗಳು ಬೇಡ ಎಂದಿದ್ದಳು. ಬರೆಯದಿದ್ದರೆ ಅವಳ ಸೀಟು ಹೋಗುತ್ತದೆ. ಅವರು ಬೆಂಚಿನ ಮೇಲೆ ಕೂತಿದ್ದು ಈ ಕಾಗದಕ್ಕಾಗಿ. ಬರೆಯುತ್ತೇನೆ ಎಂದುಕೊಂಡೆ. ಆ ಪದ ಹೇಗೆ ಬರೆಯುವುದೆಂದು ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ. ಕೈಗೆ ಗೊತ್ತಿತ್ತು. ಡಬ್ಬಗಳ ಮೇಲೆ ಎಷ್ಟು ಸಲ ಬರೆದಿದ್ದೆ. ಎಲ್, ಎ, ಟಿ, ಎಚ್, ಇ. ಒಂದು ಚೌಕ ಖಾಲಿ ಬಿಟ್ಟು, ನಾಗರಾಜು. ಕೆಳಗೆ ಕನ್ನಡದಲ್ಲಿ ನನ್ನ ಸಹಿ, ಭಾಗ್ಯಮ್ಮ. ಹುಡುಗ ಅದನ್ನು ಓದದೆ, ಕಣ್ಣೆತ್ತದೆ, ಸೀಲು ಹಾಕಿ ಒಳಗೆ ಕಳಿಸಿದ. ನನ್ನ ಮುಖ ನೋಡಲು ಅವನಿಗೆ ಮುಜುಗರವಾಗಿತ್ತು ಅನ್ನಿಸುತ್ತದೆ.

ಅಪ್ಪ ಅಮ್ಮಂದಿರಿಗೆ ಒಬ್ಬರು ಹಾಜರಿಯ ಬಗ್ಗೆ, ಮೊಬೈಲಿನ ಬಗ್ಗೆ, ಬಟ್ಟೆಯ ಬಗ್ಗೆ ನಿಯಮ ಹೇಳಿದರು. ನನ್ನ ತಲೆಗೆ ಒಂದೂ ಹೋಗಲಿಲ್ಲ. ಹನ್ನೆರಡರ ಹೊತ್ತಿಗೆ ರಕ್ಷಿತಾ ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಬಂದು ನನ್ನನ್ನು ಕೈಸನ್ನೆಯಿಂದ ಕರೆದಳು.

"ಓಟಿಪಿ ಅಪ್ಪನ ಫೋನಿಗೆ ಹೋಗ್ತಾ ಇದೆ. ಫೋನ್ ಕೊಡು."

"ಚಿಕ್ಕಪ್ಪನ ಹತ್ರ ಇದೆ. ಶೆಡ್ಡಿನ ಗಿರಾಕಿಗಳು ಮಾಡ್ತಾರೆ ಅಂತ ಇಸ್ಕೊಂಡ."

"ಅದನ್ನೂ ಕೊಟ್ಟುಬಿಟ್ಯಾ? ಮ್ಯಾಥ್ಸ್ ಸೆಕ್ಷನ್‌ನಲ್ಲಿ ಇನ್ನ ನಾಲ್ಕೇ ಸೀಟ್ ತೋರಿಸ್ತಾ ಇದೆ. ಒಂದ್ಸಲ ಆಗ್ಲೇ ಟೈಮ್ ಔಟ್ ಆಯ್ತು. ಇನ್ನೊಂದ್ಸಲ ಆದ್ರೆ ಲಾಕ್ ಅಂತೆ."

ಮಂಜುವಿಗೆ ಮಾಡಿದೆ. ಕಟ್ ಮಾಡಿದ. ಮತ್ತೆ ಮಾಡಿದೆ. ಎತ್ತಿದ. ಹಿಂದೆ ಗಂಟೆಯ ಸದ್ದು, ಜನರ ಮಾತು.

"ಎಡೆ ಮುಂದೆ ಕೂತಿದೀನಿ ಅತ್ತಿಗೆ."

"ಅವರ ಫೋನಿಗೆ ಒಂದು ನಂಬರ್ ಬಂದಿದೆ. ಓದಿ ಹೇಳು ಮಂಜು."

"ಬಂದೋರೆಲ್ಲ ನಿಮ್ಮನ್ನೇ ಕೇಳ್ತಾ ಇದಾರೆ. ಏನು ಹೇಳ್ಲಿ? ಓಟಿಪಿ ತರೋಕೆ ಹೋಗಿದಾರೆ ಅನ್ಲಾ?"

"ಅನ್ನು. ಮೊದಲು ಓದು."

ಫೋನ್ ಇಟ್ಟುಬಿಡುತ್ತಾನೆ ಎಂದುಕೊಂಡೆ. ರಕ್ಷಿತಾ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಅವನು ಒಂದೊಂದೇ ಅಂಕಿ ಓದತೊಡಗಿದ. ನಾನು ಹೇಳಿದೆ, ಅವಳು ಅಂಗೈಯಲ್ಲಿ ಬರೆದುಕೊಂಡಳು. ಐದನೆಯದರ ಹೊತ್ತಿಗೆ ಆ ಕಡೆ ಠಪ್ ಎಂದು ಸದ್ದಾಯಿತು.

"ಐದನೇದು ಕೇಳಿಸ್ಲಿಲ್ಲ."

"ಕಾಯಿ ಒಡೀತಾ ಇದಾರೆ ಅತ್ತಿಗೆ." ಅವನು ಅಳುತ್ತಿದ್ದ. "ಏಳು. ಏಳು ಅಂದೆ. ಆಮೇಲೆ ಸೊನ್ನೆ."

ಅವಳು ಒಳಗೆ ಓಡಿದಳು. ಬಾಗಿಲ ಗಾಜಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಅಂಗೈ ನೋಡುತ್ತಾಳೆ, ಒತ್ತುತ್ತಾಳೆ, ಅಂಗೈ ನೋಡುತ್ತಾಳೆ. ಸೀಟು ಸಿಕ್ಕಿತು ಎಂದು ನನಗೆ ಗೊತ್ತಾಗಿದ್ದು ಅವಳ ಭುಜ ಇಳಿದದ್ದರಿಂದ. ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿದಳು, ನಾನು ಹತ್ತಿದೆ, ಕಂಬಿ ಹಿಡಿದೆ. ಮನೆಗೆ ಬಂದಾಗ ಊಟ ಮುಗಿದು ಎ‌ಲೆ ಎತ್ತಿದ್ದರು. ಎಡೆಯ ಮುಂದೆ ಅವಳು ನಮಸ್ಕಾರ ಮಾಡಿ ಎದ್ದಾಗ ಅಂಗೈಯ ಮಸಿ ನೆಲದ ಮೇಲೆ ಅಚ್ಚಾಗಿತ್ತು. ಮಂಜು ಅದನ್ನು ನೋಡಿದ. ಅವನು ನಮ್ಮ ಮನೆಗೆ ಮತ್ತೆ ಬಂದಿದ್ದು ವರ್ಷದ ತಿಥಿಗೆ.

ಐಡಿ ಕಾರ್ಡ್ ಬಂದಿದ್ದು ಕ್ಲಾಸ್ ಶುರುವಾಗಿ ಮೂರು ವಾರಕ್ಕೆ. ನಾನು ಸೊಪ್ಪು ಸೋಸುತ್ತಿದ್ದೆ. ಅವಳು ಬಂದವಳೇ ಕಾರ್ಡನ್ನು ಪಟ್ಟಿಯ ಸಮೇತ ಸೊಪ್ಪಿನ ಮೇಲೆ ಹಾಕಿದಳು.

"ಓದು."

ಅವಳ ಫೋಟೋ, ಅವಳ ಹೆಸರು, ಕೆಳಗೆ ತಂದೆಯ ಹೆಸರು. ನನಗೆ ಎಲ್ಲ ಸರಿಯಾಗಿಯೇ ಕಂಡಿತು.

"ಲೇಟ್‌ಗೆ ಎಚ್ ಬರಲ್ಲ. ಇದು ಲೇತ್. ಮೆಷಿನ್ನು." ಅವಳು ನಿಧಾನವಾಗಿ ಮಾತಾಡುತ್ತಿದ್ದಳು. "ಕ್ಲಾಸಲ್ಲಿ ಒಬ್ಳು ಕೇಳಿದ್ಳು, ಇದು ನಿಮ್ಮಪ್ಪನ ಫಸ್ಟ್ ನೇಮಾ ಅಂತ. ಎಲ್ರೂ ನಕ್ರು. ಬರೀಬೇಡ ಅಂದಿದ್ದೆ. ಬರೆದೆ. ಅದನ್ನಾದ್ರೂ ಸರಿಯಾಗಿ ಬರೆದ್ಯಾ? ಒಂದಕ್ಷರ ತಪ್ಪಾಯ್ತು ಅಂತ ನನ್ನ ಫೋನ್ ಮುಟ್ಟೋಕೂ ಬಿಡ್ಲಿಲ್ಲ ನೀನು. ಒಂದಕ್ಷರಕ್ಕೆ."

ನಾನು ಕೈ ಒರೆಸಿಕೊಂಡು ಎದ್ದೆ. "ನಾಳೆ ಬಂದು ಸರಿ ಮಾಡಿಸ್ತೀನಿ. ಕೇಳ್ಕೋತೀನಿ ಅವರನ್ನ."

"ಏನಂತ ಸರಿ ಮಾಡಿಸ್ತೀಯ? ಎಚ್ ತೆಗೆಸ್ತೀಯಾ?"

ನಾನು ಹೌದು ಎನ್ನಲು ಬಾಯಿ ತೆರೆದೆ. ಎಚ್ ತೆಗೆದರೆ ಏನು ಉಳಿಯುತ್ತದೆ ಎಂಬುದು ಆಗ ಹೊಳೆಯಿತು. ಅವಳಿಗೆ ಬಸ್ಸಿನಲ್ಲೇ ಹೊಳೆದಿರಬೇಕು.

"ಇರ್ಲಿ ಬಿಡು" ಎಂದಳು. "ನಿನ್ನ ತಪ್ಪು ಮೂರು ವರ್ಷ ನನ್ನ ಕತ್ತಲ್ಲೇ ತೂಗ್ಲಿ." ಕಾರ್ಡಿಗೆ ಅಂಟಿದ್ದ ಸೊಪ್ಪಿನ ಎಲೆ ಕಿತ್ತು ಹಾಕಿ, ಪಟ್ಟಿಯನ್ನು ಕತ್ತಿಗೆ ಹಾಕಿಕೊಂಡು ಹೋದಳು.

ಮೂರು ವರ್ಷ ಅದು ತೂಗಿತು. ನಾನು ಪ್ರತಿ ಬೆಳಿಗ್ಗೆ ಅದನ್ನು ನೋಡಿದ್ದೇನೆ. ಶೆಡ್ಡನ್ನು ಮಾಲೀಕರು ಬಿಡಿಸಿಕೊಂಡರು. ಮಂಜು ಮೆಷಿನ್ನನ್ನು ನಂದಿನಿ ಲೇಔಟ್ ಕಡೆ ಸಾಗಿಸಿದ. ಬೋರ್ಡು ಏನಾಯಿತು ಎಂದು ಕೇಳಿದ್ದಕ್ಕೆ, ತುಕ್ಕು ಹಿಡಿದಿತ್ತು ಅತ್ತಿಗೆ ಎಂದ. ಅವರನ್ನು ಲೇತ್ ನಾಗರಾಜು ಎನ್ನುತ್ತಿದ್ದವರೂ ಆ ಬೀದಿಯಲ್ಲಿ ಈಗ ಹೆಚ್ಚು ಜನ ಇಲ್ಲ. ಹೋದ ವಾರ ಆ ದಾರಿಯಲ್ಲಿ ಬರುವಾಗ ಪಕ್ಕದ ಯಾವುದೋ ಶೆಡ್ಡಿನಿಂದ ಆ ಎಣ್ಣೆನೀರಿನ ವಾಸನೆ ಬಂತು. ಬಿಸಿ ಕಬ್ಬಿಣಕ್ಕೆ ಸುರಿದಾಗ ಬರುತ್ತದಲ್ಲ, ಅದೇ. ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಒಳಗಿದ್ದವನು "ಏನು ಬೇಕಿತ್ತಮ್ಮ?" ಎಂದು ಕೇಳಿದ. ಏನಿಲ್ಲಪ್ಪ ಎಂದೆ.

ಅದೇ ದಿನ ರಕ್ಷಿತಾ ಕಾಲೇಜಿನ ಕೊನೆಯ ಕೆಲಸ ಮುಗಿಸಲು ಹೋಗಿದ್ದಳು. ಪುಸ್ತಕ, ಲ್ಯಾಬಿನ ಸಾಮಾನು, ಐಡಿ ಕಾರ್ಡ್ ಎಲ್ಲ ಒಪ್ಪಿಸಿದರೆ ಮಾತ್ರ ಟಿಸಿ ಕೊಡುತ್ತಾರೆ. ಸಂಜೆ ಬಂದು ಟಿಸಿಯನ್ನು ಮೇಜಿನ ಮೇಲಿಟ್ಟಳು. ಕತ್ತಿನಲ್ಲಿ ಪಟ್ಟಿ ಹಾಗೇ ಇತ್ತು.

"ಕಾರ್ಡ್ ಕೊಡ್ಲಿಲ್ವಾ?"

"ಕಳೆದುಹೋಯ್ತು ಅಂತ ಬರ್ಕೊಟ್ಟೆ."

"ಸುಳ್ಳು ಬರ್ಕೊಟ್ಯಾ?"

"ಅದಕ್ಕೂ ಒಂದು ಫಾರ್ಮ್ ಇದೆ. ಅದರಲ್ಲೂ ಅಪ್ಪನ ಹೆಸರು ಕೇಳ್ತಾರೆ." ಅವಳು ಚಪ್ಪಲಿ ಬಿಡುತ್ತಾ, ನನ್ನ ಕಡೆ ನೋಡದೆ ಹೇಳಿದಳು. "ಎಚ್ ಹಾಕೇ ಬರೆದೆ."

ನಾನು ಕಾಫಿಗೆ ನೀರಿಟ್ಟೆ. ಅವಳು ಕಾರ್ಡನ್ನು ಅಪ್ಪನ ವಾಚು ಇಟ್ಟಿರುವ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದಳು. ಅದರಲ್ಲಿ ಆ ಸ್ಲಾಟಿನ ಕಾಗದವೂ ಇದೆ. ಕಾಫಿ ಕುಡಿದೆವು. ನಾಳೆ ಗ್ಯಾಸ್ ಬುಕ್ ಮಾಡಬೇಕು ಎಂದಳು. ಹೂಂ ಎಂದೆ.

ಮೂರು ವರ್ಷದಲ್ಲಿ ನಾವು ಊಟದ ಮಾತಾಡಿದ್ದೇವೆ, ಬಾಡಿಗೆಯ ಮಾತಾಡಿದ್ದೇವೆ, ಅವರ ತಿಥಿಯ ಅಡುಗೆಯ ಮಾತನ್ನೂ ಆಡಿದ್ದೇವೆ. ಎಂಟನೇ ದಿನ ಕತ್ತರಿ ಹಿಡಿದು ಆಡಿದ ಮಾತನ್ನು ಅವಳು ವಾಪಸ್ ತೆಗೆದುಕೊಂಡಿಲ್ಲ. ನಾನೂ ನನ್ನದನ್ನು ತೆಗೆದುಕೊಂಡಿಲ್ಲ.